ಗಗನ ಬಾಯಿ ಮುಚ್ಚಿಕೊಂಡಿರಬೇಕಾಗಿದ್ದ ದಿನ

ನಮ್ಮಕ್ಕ ಅಂಕಮ್ಮನ ಮಗಳು ಗಗನಳಿಗೆ ಸುಮ್ಮನಿರುವುದು ಬರುವುದಿಲ್ಲ. ಕೊತ್ತತ್ತಿಯ ನಾಲೆ ಏರಿ ಮೇಲೆ ಹುಡುಗರು ಕೂತು ಮೊಬೈಲಿನಲ್ಲಿ ಆಟ ಆಡುತ್ತಿದ್ದರೆ, ಹಿಂದೆ ನಿಂತು ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ತಲೆ ತಿಂದು, ಕೊನೆಗೆ ಮೊಬೈಲನ್ನೇ ಕಿತ್ತುಕೊಂಡು ಗೆಲ್ಲಿಸಿ ಕೊಡುವ ಹುಡುಗಿ. ಈಗ ಮಂಡ್ಯದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಅಂಥವಳಿಗೆ ಒಂದು ದಿನ ಪೂರ್ತಿ ಬಾಯಿ ಮುಚ್ಚಿಕೊಂಡಿರುವ ಅವಕಾಶ ಬಂತು.

ಮೊಬೈಲ್ ಆಟ ತಯಾರಿಸುವ ಕಂಪನಿಯೊಂದು ಕಾಲೇಜು ಮಕ್ಕಳಲ್ಲಿ ಒಬ್ಬರನ್ನು ಆರಿಸಿತ್ತು. ಹಾಗೆ ಆರಿಸಿದವರು ಕಂಪನಿಯ ಯಜಮಾನರಾದ ಜಯಪ್ರಕಾಶ್ ಅವರ ಹಿಂದೆ ಒಂದು ದಿನ ನೆರಳಿನ ಹಾಗೆ ಇರಬೇಕು. ಅವರು ಏನು ಮಾಡುತ್ತಾರೆ, ಯಾರಿಗೆ ಏನು ಹೇಳುತ್ತಾರೆ ಎಲ್ಲ ನೋಡಬಹುದು, ಕೆಲಸ ನಡೆಯುವಾಗ ಮಾತ್ರ ಬಾಯಿ ಬಿಡಬಾರದು. ಬಿಟ್ಟರೆ ಅಲ್ಲಿಗೇ ಮುಗಿಯಿತು, ಮನೆಗೆ. ಸಂಜೆ ತನಕ ಸುಮ್ಮನಿದ್ದರೆ, ತಾನು ಸ್ವಂತ ಮಾಡಿದ ಆಟವನ್ನು ಅವರ ಮುಂದೆ ಇಡಬಹುದು. ಗಗನ ಒಂದು ಆಟ ಮಾಡಿಟ್ಟಿದ್ದಳು. ಒಕ್ಕಣೆಗೆಂದು ರಸ್ತೆ ತುಂಬ ಹುರುಳಿ ಹರಡಿರುತ್ತಾರಲ್ಲ, ಅದರ ಮೇಲೆ ಜಾರದೆ ಸ್ಕೂಟರ್ ಓಡಿಸುವ ಆಟ. ಅದನ್ನು ತಿಳಿದವರೊಬ್ಬರು ನೋಡಲಿ ಎನ್ನುವುದೇ ಅವಳ ಆಸೆ. ತಾನು ಆಯ್ಕೆಯಾದ ಸುದ್ದಿ ಬಂದ ದಿನದಿಂದ ಮನೆಯಲ್ಲಿ ಮಾತಾಡದೆ ಇರುವುದನ್ನು ಅಭ್ಯಾಸ ಮಾಡಿದಳು. ಉಪ್ಪು ಬೇಕಾದರೂ ಕೈ ತೋರಿಸುತ್ತಿದ್ದಳು. ನಮ್ಮಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿದ್ದಳು.

ಆ ದಿನ ಜಯಪ್ರಕಾಶ್ ಅವರ ಕೆಲಸ ಇದ್ದದ್ದು ಮದ್ದೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಅವರ ಕಂಪನಿ ಎತ್ತಿನ ಗಾಡಿ ಓಟದ ಆಟವೊಂದನ್ನು ಮಾಡಿತ್ತು. ಅದನ್ನು ಹಳ್ಳಿಯವರ ಕೈಗೆ ಕೊಟ್ಟು ಆಡಿಸಿ, ಎಲ್ಲಿ ಸರಿ ಇಲ್ಲ ಎಂದು ಕೇಳಿಕೊಂಡು, ತಿದ್ದಿ ಬಿಡುಗಡೆ ಮಾಡುವುದು. ಜನ ಬೇಕು ಎಂದಾಗ ಗಗನ ನನ್ನ ಹೆಸರು ಹೇಳಿದ್ದಳು. ನಾನು ಕಬ್ಬು ಹೊಡೆಯುವ ಟ್ರ್ಯಾಕ್ಟರಿನ ಟ್ರೈಲರ್ ತೊಳೆಸಿ, ಊರಿನವರನ್ನು ತುಂಬಿಕೊಂಡು ಹೋದೆ.

ಅಲ್ಲಿ ಕಂಪನಿಯವನೊಬ್ಬ ಮೊದಲು ಆಟ, ಆಮೇಲೆ ಊಟ ಎಂದ. ನನಗೆ ರೇಗಿತು. ಒಳಗೆ ಬಾಡೂಟದ ವಾಸನೆ ಬರುತ್ತಿದೆ, ನಮ್ಮವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿ ಕೆಲಸ ತೆಗೆಯುತ್ತೀರಾ ಎಂದು ಕೂಗಾಡಿದೆ. ಊಟ ಮೊದಲಾಯಿತು. ಈಗಲೂ ಹೇಳುತ್ತೇನೆ, ಊಟ ಹಾಕಿಸಿದ್ದು ತಪ್ಪಲ್ಲ.

ಮುದ್ದೆ, ಮಟನ್ ಸಾರು ಉಂಡು, ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಫೋನ್ ಹಿಡಿದರು. ಆಡಿದ ಮೇಲೆ ಜಯಪ್ರಕಾಶ್ ಅವರೇ ಒಬ್ಬೊಬ್ಬರನ್ನು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಸ್ವಾಮಿ ಎಂದ ಮುದ್ದಯ್ಯ. ಬಹಳ ಚೆನ್ನಾಗಿದೆ ಬುದ್ಧಿ ಎಂದ ಪುಟ್ಟಮಾದಯ್ಯ. ಒಬ್ಬನಾದರೂ ಕೊಂಕು ತೆಗೆಯಬೇಕಲ್ಲ, ಇಲ್ಲ. ಜಯಪ್ರಕಾಶ್ ಅವರ ಮುಖ ಅರಳಿತು. ಇನ್ನೇನೂ ಬದಲಾಯಿಸುವುದು ಬೇಡ, ಹೀಗೇ ಬಿಟ್ಟುಬಿಡೋಣ ಎಂದು ತಮ್ಮವರಿಗೆ ಹೇಳಿದರು. ಅವರ ಹಿಂದೆ ನಿಂತಿದ್ದ ಗಗನ ತುಟಿ ಕಚ್ಚಿಕೊಂಡು ಕಾಲು ಬದಲಾಯಿಸುತ್ತಿದ್ದಳು. ಕಂಪನಿಯವರು ಸಾಮಾನು ಕಟ್ಟಲು ಶುರು ಮಾಡಿದರು.

"ಸಾರ್, ಇವ್ರೆಲ್ಲ ಸುಳ್ಳು ಏಳ್ತಾವ್ರೆ," ಎಂದಳು ಗಗನ.

ಊರವರನ್ನು ನಮ್ಮ ಮನೆ ಹುಡುಗಿಯೇ ಸುಳ್ಳರು ಎನ್ನುವುದೆಂದರೆ ನನ್ನ ಮೈ ಉರಿಯದೆ ಇರುತ್ತದೆಯೇ?

"ಯಾರ್ನ ಸುಳ್ಳು ಅಂತೀಯೆ? ನಾಲ್ಗೆ ಬಿಗಿ ಇಡ್ಕಂಡ್ ಮಾತಾಡು," ಎಂದು ಎದ್ದೆ.

"ನೀನ್ ಕೂತ್ಕೊ ಮಾವ. ಸಾರ್, ಇವ್ರು ನಿಮ್ ಬಾಡೂಟ ಉಂಡವ್ರೆ. ಉಂಡ ಮನೆ ಜಂತೆ ಎಣಿಸೋ ಜನ ಅಲ್ಲ ಇದು. ಅನ್ನ ಇಕ್ಕಿದೋರ್ ಎದ್ರಿಗೆ ನಿಮ್ ಎತ್ತು ಸರಿಯಿಲ್ಲ ಅಂತ ಎಂಗಂದಾರು?"

ಕಂಪನಿಯವನು ಅವಳಿಗೆ ನಿಯಮ ನೆನಪು ಮಾಡಿ, ಬ್ಯಾಗು ತೆಗೆದುಕೊಂಡು ಹೊರಡಮ್ಮ ಎಂದ. ಗಗನ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಕಣ್ಣು ಕೆಂಪಾಗಿತ್ತು, ಆದರೂ ನಿಂತಲ್ಲಿಂದ ಅಲುಗಲಿಲ್ಲ.

"ಓಯ್ತೀನಿ. ಒಂದೇ ಒಂದ್ ಸಲ ಮುದ್ದಯ್ಯಣ್ಣನ್ನೂ ಪುಟ್ಟಮಾದಯ್ಯಣ್ಣನ್ನೂ ಎದ್ರುಬದ್ರು ಕೂರ್ಸಿ ಆಡ್ಸಿ ಸಾರ್. ನಿಮ್ಗೆ ದಾಕ್ಷಿಣ್ಯ ಮಾಡ್ತಾರೆ. ಅವ್ರವ್ರಲ್ಲೇ ಮಾಡ್ಕಳಲ್ಲ."

ಜಯಪ್ರಕಾಶ್ ಆಗಲಿ ಎಂದು ತಲೆಯಾಡಿಸಿದರು. ಇಬ್ಬರನ್ನೂ ಕೂರಿಸಿದರು. ಆಟ ಮುಗಿಯುವ ಮೊದಲೇ ಮುದ್ದಯ್ಯ ಚಾಪೆಯಿಂದ ಎದ್ದಿದ್ದ.

"ಏನ್ಲಾ, ನಿನ್ ಎತ್ತು ಓಡ್ತಾವೆ, ನನ್ವು ಸೆಟ್ಕಂಡ್ ನಿಂತವೆ."

"ನಿನ್ ಎಬ್ಬೆಟ್ಟು ರಾಗಿ ಕುಯ್ಯೋ ಕುಡ್ಲು ಇಡಿಯಕ್ ಸರಿ ಕಣ್ಲಾ, ಇದಕ್ಕಲ್ಲ," ಎಂದ ಪುಟ್ಟಮಾದಯ್ಯ.

"ಬಟನ್ನು ಉಣಸೆ ಬೀಜದಷ್ಟವೆ. ಒಂದ್ ಒತ್ತುದ್ರೆ ಪಕ್ಕದ್ದೂ ಒತ್ಕತದೆ. ಇದ್ನ ಮಾಡ್ದೋನ್ಗೆ ಬೆಳ್ಳೇ ಇರ್ನಿಲ್ವೇನೋ."

ಮಾಡಿದವನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಮುದ್ದಯ್ಯನಿಗೆ ಅದರ ಪರಿವೆಯೇ ಇಲ್ಲ. ಗೆದ್ದ ಪುಟ್ಟಮಾದಯ್ಯನೂ ಸುಮ್ಮನಾಗಲಿಲ್ಲ. "ಗೆದ್ದೋನ್ ನಾನು ಏಳ್ತೀನಿ, ಇದು ಬೇಜಾರು ಕಣ್ಲಾ. ನಾನ್ ಮುಂದಾದ್ಮೇಲೆ ಸೋತೋನ್ ಮಕವೇ ಕಾಣಕಿಲ್ಲ. ಯಾರ್ನ ನೋಡ್ಕಂಡ್ ನಗಾನ?"

ಜಯಪ್ರಕಾಶ್ ಗಟ್ಟಿಯಾಗಿ ನಕ್ಕರು. ಆಮೇಲೆ ಕಟ್ಟಿದ ಸಾಮಾನೆಲ್ಲ ಬಿಚ್ಚಿಸಿದರು. ಎಲ್ಲರೂ ಜೋಡಿ ಜೋಡಿಯಾಗಿ ಕೂತರು. ಮಂಟಪದಲ್ಲಿ ಲೇ, ಲಾ ಬಿಟ್ಟರೆ ಬೇರೆ ಮಾತಿಲ್ಲ. ಕಂಪನಿಯವರು ಅಲ್ಲಿಂದ ಇಲ್ಲಿಗೆ ಓಡಾಡಿ ಬೈಗುಳವನ್ನೆಲ್ಲ ಬರೆದುಕೊಂಡದ್ದೇ ಬರೆದುಕೊಂಡದ್ದು. ನಾನೂ ಆಡಿದೆ. ಸೋತ ಸಿಟ್ಟಿಗೆ ಫೋನನ್ನು ಮೇಜಿಗೆ ಕುಕ್ಕಿದೆ, ಗಾಜು ಬಿರುಕು ಬಿಟ್ಟಿತು. ಕಂಪನಿಯವರು ಬೈಯಲಿಲ್ಲ, ಬೇರೆ ಫೋನ್ ತಂದುಕೊಟ್ಟು ಮತ್ತೆ ಆಡಿ ಎಂದರು.

ಗಗನ ಮಾತ್ರ ಬ್ಯಾಗು ಹಾಕಿಕೊಂಡೇ ಬಾಗಿಲ ಬಳಿ ನಿಂತಿದ್ದಳು. ಹೊತ್ತು ಇಳಿದ ಮೇಲೆ ಜಯಪ್ರಕಾಶ್ ಅವಳ ಹತ್ತಿರ ಬಂದು, ನಿನ್ನ ಆಟ ಎಲ್ಲಿ ಎಂದು ಕೇಳಿದರು. ನಾನು ಮಾತಾಡಿಬಿಟ್ಟೆನಲ್ಲ ಸಾರ್ ಎಂದಳು.

"ಹೌದು, ಮಾತಾಡಿದೆ. ಆಟ ತೆಗಿ," ಎಂದರು.

ಮೆಟ್ಟಿಲ ಮೇಲೆ ಕೂತು ಆಡಿದರು. ಅವರ ಸ್ಕೂಟರ್ ಹುರುಳಿ ಮೇಲೆ ಜಾರಿ ಬಿತ್ತು. ಮತ್ತೆ ಆಡಿದರು, ಮತ್ತೆ ಬಿತ್ತು. ಆಮೇಲೆ ಶುರು ಮಾಡಿದರು. ಬಿದ್ದ ಮೇಲೆ ಮೊದಲಿಂದ ಆಡಿಸುವುದು ಸರಿಯಿಲ್ಲ, ತಿರುವು ಮುಂಚೆ ಕಾಣಬೇಕು, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಗಗನ ಒಂದಕ್ಕೆ ಒಪ್ಪಿದಳು, ಇನ್ನೊಂದಕ್ಕೆ ವಾದ ಹೂಡಿದಳು. ಅವರೂ ಬಿಡಲಿಲ್ಲ. ಮುಂದಿನ ವಾರ ಮಳವಳ್ಳಿಯಲ್ಲಿ ಎತ್ತಿನ ಗಾಡಿ ಆಟ ಆಡಿಸುತ್ತೇವೆ, ನೀನು ಬಂದು ಜನರನ್ನು ಕೂರಿಸಬೇಕು, ಸುಮ್ಮನೆ ನಿಲ್ಲುವ ಹಾಗಿಲ್ಲ ಎಂದು ಹೇಳಿ ಕಾರು ಹತ್ತಿದರು.

ವಾಪಸ್ಸು ಬರುವಾಗ ಟ್ರೈಲರಿನಲ್ಲಿ ನಿಂತೇ ಅವಳು ನಮ್ಮಕ್ಕನಿಗೆ ಫೋನ್ ಮಾಡಿದಳು. ಇಂಜಿನ್ ಸದ್ದಿನ ಮೇಲೆ ಕೂಗುತ್ತಿದ್ದುದು ನನಗೂ ಕೇಳಿಸಿತು.

"ನನ್ ಆಟದಲ್ಲಿ ಬರೀ ತಪ್ಪೇ ಏಳುದ್ರು ಕಣವ್ವ. ಒಂದೇ ಒಂದ್ಸಲಾನೂ ಚೆನ್ನಾಗದೆ ಅನ್ನಿಲ್ಲ."

ಅದಕ್ಕೆ ಯಾಕೆ ಹಿಂಗೆ ಕುಣಿಯುತ್ತಿದ್ದೀಯೆ ಎಂದು ನಮ್ಮಕ್ಕ ಕೇಳಿರಬೇಕು. ಗಗನ ಜೋರಾಗಿ ನಕ್ಕು, ಬಂದು ಹೇಳುತ್ತೇನೆ ಎಂದು ಫೋನ್ ಇಟ್ಟು, ಬೇಗ ಓಡಿಸು ಮಾವ ಎಂದು ಟ್ರೈಲರಿನ ಕಂಬಿ ಬಡಿಯತೊಡಗಿದಳು.