ಬೆಟ್ಟದ ಗಡ್ಡ

ಈ ಸಲ ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಗ್ಗೆ, ನಮ್ಮೂರಿನ ಬೆಂಕಿಯಲ್ಲಿ ಟೈರಿನ ನಾತವಿರಲಿಲ್ಲ. ಒಣಹುಲ್ಲಿನ ತೆಳು ಹೊಗೆ ಮಾತ್ರ... ಪಕ್ಕದ ಮನೆಯ ದೊಡ್ಡಮ್ಮ ನೆನಪಾದಳು.

ಯಲ್ದೂರಿನ ಆಚೆ, ಬೆಟ್ಟದ ಬುಡದಲ್ಲಿ ನಮ್ಮೂರು. ನಾನು ಚಿಕ್ಕವನಿದ್ದಾಗ ಭೋಗಿಯ ಹಿಂದಿನ ದಿನ ಮನೆಮನೆಯವರೂ ಕುಡುಗೋಲು ಹಿಡಿದು, ಕಾಡಿಗೂ ಮನೆಗಳಿಗೂ ನಡುವಿನ ಹುಲ್ಲು ಕೊಯ್ದು ತರುತ್ತಿದ್ದರು. ಹಬ್ಬದ ಬೆಂಕಿಗೆ ಅದೇ. ಬೋಳಾದ ಆ ಪಟ್ಟಿಯನ್ನು ಬೇಸಿಗೆಯಲ್ಲಿ ಕಾಡಿನ ಬೆಂಕಿ ದಾಟುತ್ತಿರಲಿಲ್ಲ. ದೊಡ್ಡಮ್ಮನ ಮನೆಮಾತು ತೆಲುಗು. ಹುಲ್ಲಿಗೆ 'ಗಡ್ಡಿ' ಅನ್ನುತ್ತಿದ್ದಳು. ನನಗೆ ಅದು 'ಗಡ್ಡ' ಎಂದು ಕೇಳಿಸಿತ್ತು. ಬೆಟ್ಟಕ್ಕೂ ಗಡ್ಡ ಇರುತ್ತದಾ ಎಂದು ಕೇಳಿದೆ.

"ಎರಡೂ ಒಂದೇ ಕಣೋ. ಬೋಳಿಸ್ದೆ ಬಿಟ್ರೆ ಬೆಳೀತಾನೇ ಇರ್ತದೆ," ಎಂದು ನಕ್ಕಳು. ಆಮೇಲೆ ಊರಿಗೆಲ್ಲ ಆ ಹುಲ್ಲು 'ಗಡ್ಡ'ವೇ ಆಯಿತು.

ಬರಬರುತ್ತಾ ಕೊಯ್ಯುವವರು ಕಡಿಮೆಯಾದರು. ಹಳೇ ಟೈರು ಸುಟ್ಟರೆ ಭೋಗಿ ಮುಗಿಯುತ್ತಿತ್ತು. ಕೊನೆಗೆ ದೊಡ್ಡಮ್ಮ ಒಬ್ಬಳೇ ಉಳಿದಳು.

"ಏನ್ ದೊಡ್ಡಮ್ಮ, ಬೆಟ್ಟಕ್ಕೆ ಮದುವೇನಾ? ಶೇವಿಂಗ್ ಜೋರು!" ಎಂದು ಕಟ್ಟೆಯ ಮೇಲಿನ ಹುಡುಗರು ಕಿಚಾಯಿಸುತ್ತಿದ್ದರು.

"ಹೂಂ ಕಣ್ರೋ, ಅದಕ್ಕೆ ಹೆಣ್ಣು ಸಿಕ್ಕೈತೆ. ನಿಮಗೇ ಸಿಕ್ಕಿಲ್ಲ."

ಹೋದ ವರ್ಷ ನಮ್ಮ ಹಿತ್ತಲಿನಿಂದ ಕೊಯ್ಯಲು ಶುರುಮಾಡಿದಳು. "ನಿಮ್ಮ ಕೊಟ್ಟಿಗೆ ತೆಂಗಿನ ಗರೀದು, ಬೇಗ ಹತ್ಕೊಂತದೆ. ನಮ್ದು ಶೀಟು, ಆಮೇಲೆ ನೋಡಾಣ," ಅಂದಳು. ಅವಳ ಮನೆಯ ಹಿಂದಿನ ಹುಲ್ಲು ಉಳಿದಿರುವಾಗಲೇ ಮಣಿಕಟ್ಟು ಊದಿಕೊಂಡು, ಕೊಯ್ಯುವುದು ಅಲ್ಲಿಗೇ ನಿಂತಿತು.

ಯುಗಾದಿಗೆ ಮುಂಚೆ, ಒಂದು ಮಧ್ಯಾಹ್ನ, ಯಾರೋ ಮಾವಿನ ತೋಪಿನಲ್ಲಿ ತರಗು ಗುಡಿಸಿ ಬೆಂಕಿ ಇಟ್ಟರು. ಗಾಳಿ ಎದ್ದಿತು. ಕಿಡಿ ಹಾರಿ ಬೆಟ್ಟಕ್ಕೆ ಹತ್ತಿಕೊಂಡಿತು. ನಾವು ಹಸಿ ಹೊಂಗೆಕೊಂಬೆ ಹಿಡಿದು ಓಡಿದೆವು. ನಮ್ಮ ಹಿತ್ತಲ ಹಿಂದೆ, ಬೋಳು ನೆಲದ ಅಂಚಿಗೆ ಬಂದ ಬೆಂಕಿ ತಾನಾಗಿ ಸತ್ತಿತು. ಹುಲ್ಲು ನಿಂತಿದ್ದ ಕಡೆಯಿಂದ ದೊಡ್ಡಮ್ಮನ ಅಂಗಳಕ್ಕೆ ನುಗ್ಗಿತು.

ಹೊಗೆಯೊಳಗಿಂದ ಅವಳ ಗಬ್ಬದ ಹಸು ಓಡಿ ಬಂತು. ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ಹಗ್ಗದ ತುದಿ ಕುಡುಗೋಲಿನಿಂದ ಕೊಯ್ದಂತೆ ಇತ್ತು. ಅದರ ಹಿಂದೆಯೇ ಅವಳೂ ಬರುತ್ತಾಳೆಂದು ನಿಂತಿದ್ದೆವು...

ಹಸು ಈಗ ನಮ್ಮ ಕೊಟ್ಟಿಗೆಯಲ್ಲಿದೆ. ಕರು ಹಾಕಿದೆ.

ಈ ಸಲ ಭೋಗಿಯ ಹಿಂದಿನ ದಿನ ಯಾರೂ ಕರೆಯದೆಯೇ ಎಲ್ಲರೂ ಕುಡುಗೋಲು ತಂದರು. ಕಟ್ಟೆಯ ಹುಡುಗರೂ ಬಂದರು. ದೊಡ್ಡಮ್ಮನ ಹಿತ್ತಲಿನಿಂದಲೇ ಶುರುಮಾಡಿದೆವು. ಕಾಯಬೇಕಾದ ಮನೆ ಅಲ್ಲಿರಲಿಲ್ಲ. ಆದರೂ ಬುಡಮಟ್ಟ ಕೊಯ್ದೆವು. ಯಾರ ಬಾಯಲ್ಲೂ 'ಗಡ್ಡ' ಎಂಬ ಮಾತು ಬರಲಿಲ್ಲ. ಹುಲ್ಲು, ಅಂದರು.