ನೀರಿನ ಸದ್ದಿನ ಹಿಂದಿನ ಸ್ವರ

ಆ ವೀಡಿಯೋದಲ್ಲಿ ಹೆಚ್ಚೇನೂ ಇರಲಿಲ್ಲ. ಬಿಳಿ ಬಂಡೆಯೊಂದರ ಬುಡದಿಂದ ಹೊಳೆ ಹೊರಗೆ ಬರುತ್ತಿತ್ತು, ಅಷ್ಟೇ. ಗುಡ್ಡದ ಮೇಲೆ ನೆಲದೊಳಗೆ ಇಳಿದ ನೀರು ಇಲ್ಲಿ ಮತ್ತೆ ಹೊರಬೀಳುತ್ತದೆ ಎಂದು ಹೆಂಡತಿ ಕೆಳಗೆ ಬರೆದಿದ್ದಳು. ನನಗೆ ನೀರು ಕಾಣಲೇ ಇಲ್ಲ. ನೀರಿನ ಸದ್ದಿನ ಹಿಂದೆ ಒಬ್ಬ ಗಂಡಸು ಕೊಂಕಣಿಯಲ್ಲಿ ಜಪಸರದ ಪ್ರಾರ್ಥನೆ ಹೇಳುತ್ತಿದ್ದ.

ಅವಳು ಕುವೈತಿನಲ್ಲಿ ನರ್ಸ್ ಆಗಿದ್ದವಳು. ಎರಡು ವರ್ಷದ ಹಿಂದೆ ಉತ್ತರ ಇಂಗ್ಲೆಂಡಿನ ಒಂದು ಹಳೆಯ ಸಂತೆ ಊರಿನ ಆಸ್ಪತ್ರೆಗೆ ಹೋದಳು. ನಾನು ಕುವೈತಿನಲ್ಲೇ, ಮಂಗಫಿನ ಫ್ಲ್ಯಾಟಿನಲ್ಲಿ ಉಳಿದೆ. ಶುವೈಖಿನ ಸ್ಪೇರ್ ಪಾರ್ಟ್ಸ್ ಗೋದಾಮಿನಲ್ಲಿ ನನ್ನ ಕೆಲಸ. ಬಂದ ಮಾಲಿನಲ್ಲಿ ಒರಿಜಿನಲ್ ಯಾವುದು, ಡುಪ್ಲಿಕೇಟ್ ಯಾವುದು ಎಂದು ಹೇಳುವವನು ನಾನೇ. ಪ್ಯಾಕೆಟ್ಟಿನ ಅಂಟು ಮೂಸಿದರೆ ಸಾಕು, ಗೊತ್ತಾಗುತ್ತದೆ. ಈ ಚಾಳಿ ಮನೆಗೂ ಬರುತ್ತದೆಂದು ಹೆಂಡತಿ ಹಿಂದೆಯೇ ತಮಾಷೆ ಮಾಡುತ್ತಿದ್ದಳು.

ಅವಳು ಹೋದ ಮೇಲೂ ಸಂಜೆಯ ತೇರ್ಸ್, ಅಂದರೆ ಜಪಸರ, ನಾವು ಬಿಟ್ಟಿರಲಿಲ್ಲ. ಪ್ರತಿ ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಬೇಕು, ಉಳಿದರ್ಧ ಇನ್ನೊಬ್ಬರು. ಇಲ್ಲಿಯ ಏಳು ಗಂಟೆಗೆ ಫೋನಿನಲ್ಲಿ ಅವಳು ಶುರು ಮಾಡುವಳು, ನಾನು ಮುಗಿಸುವೆ. ಆದರೆ ಅವಳ ರಜೆಯ ದಿನಗಳಲ್ಲಿ ಮಾತ್ರ ಫೋನ್ ಬರುತ್ತಿರಲಿಲ್ಲ. ಗುಡ್ಡ ಸುತ್ತಲು ಹೋಗಿದ್ದೆ, ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಅನ್ನುವಳು. ಅಂಥ ಒಂದು ದಿನದ ವೀಡಿಯೋ ಅದು. ತೇರ್ಸ್ ನಮ್ಮವರಲ್ಲಿ ಮನೆಯೊಳಗಿನ ಸಂಗತಿ. ದಾರಿಯಲ್ಲಿ ಸಿಕ್ಕವನನ್ನು ಜೊತೆ ಕೂರಿಸಿಕೊಂಡು ಯಾರೂ ಹೇಳುವುದಿಲ್ಲ. ನನ್ನ ಪಾಲಿನ ಮಾತನ್ನು ಬೇರೊಬ್ಬ ಹೇಳುವುದನ್ನು ಕೇಳಿ ನನಗೆ ಊಟ ಸೇರದಾಯಿತು. ಇನ್ನೊಬ್ಬರಿಗೆ ಕೇಳಿಸೋಣವೆಂದರೆ ಮರ್ಯಾದೆಯ ಪ್ರಶ್ನೆ. ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಕಂಪನಿ ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ಅದನ್ನೇ ಕೇಳಿದೆ.

ಇದರ ನಡುವೆ ನನ್ನ ಇಕಾಮಾ, ಅಂದರೆ ಕುವೈತಿನಲ್ಲಿ ಇರುವ ಪರವಾನಗಿ, ಮುಗಿಯುತ್ತಾ ಬಂದಿತ್ತು. ಈ ಸಲ ಅದನ್ನು ಹೊಸದು ಮಾಡಿಸಬೇಡಿ, ಖಲಾಸ್ ಮಾಡಿ ಇಲ್ಲಿಗೇ ಬನ್ನಿ ಎಂದು ಅವಳು ಕರೆಯುತ್ತಲೇ ಇದ್ದಳು. ಹಾಗಾದರೆ ಆ ಗಂಡಸು ಯಾರು? ಅದು ತಿಳಿಯದೆ ಇಷ್ಟು ವರ್ಷದ ಕೆಲಸ ಬಿಡುವುದು ಹೇಗೆ? ರಜೆ ಹಾಕಿ ಐದು ದಿನಕ್ಕೆ ಹೊರಟೆ. ನಿನ್ನನ್ನು ನೋಡಲು ಬರುತ್ತಿದ್ದೇನೆ ಅಂದೆ.

ಮೊದಲ ದಿನವೇ ಅವಳ ಬಾಡಿಗೆ ಕೋಣೆಯಲ್ಲಿ ಟೀ ಕಪ್ಪುಗಳು ಎಷ್ಟಿವೆ ಎಂದು ನೋಡಿದೆ. ಎರಡಿದ್ದವು. ಬಾಗಿಲ ಬಳಿ ಕೆಸರಿನ ಬೂಟು ಎರಡು ಜೊತೆ ಇತ್ತು. ಎರಡೂ ಅವಳ ಅಳತೆಯವೇ, ಆದರೂ ಒಂದರೊಳಗೆ ಕೈಹಾಕಿ ನೋಡಿದೆ. ಭಾನುವಾರ ಇಗರ್ಜಿಯ ಪೂಜೆಗೆ ಹೋದಾಗ ಕೊನೆಯ ಬೆಂಚಿನಲ್ಲಿ ನಮ್ಮ ಕಡೆಯವನಂತೆ ಕಾಣುವ ಒಬ್ಬನಿದ್ದ. ಬೇಕೆಂದೇ ಅವನ ಪಕ್ಕ ನಿಂತು ಗಂಟೆ ಎಷ್ಟೆಂದು ಕೇಳಿದೆ. ಸ್ವರ ತೆಳ್ಳಗಿತ್ತು, ಅವನಲ್ಲ.

ಉಳಿದ ದಿನ ಅವಳು ನನ್ನನ್ನು ನಡೆಸಿದಳು. ಊರಿನ ಚೌಕ, ಹಳೆಯ ಕಲ್ಲುಮನೆಗಳು ದಾಟಿದರೆ ಹತ್ತು ನಿಮಿಷದಲ್ಲಿ ಗುಡ್ಡ. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು, ಕುರಿಗಳು, ಮರದ ಗೇಟುಗಳು. ಯಾವ ಗೇಟಿನ ಚಿಲಕ ಎತ್ತಬೇಕು, ಯಾವುದನ್ನು ಎಳೆಯಬೇಕು ಎಂದು ಅವಳ ಕೈಗೆ ಗೊತ್ತಿತ್ತು. ಮೇಲೆ ಹೋದರೆ ನೆಲವೆಲ್ಲ ಸುಣ್ಣಕಲ್ಲಿನ ಹಾಸು, ಕತ್ತರಿಸಿದ ದೊಡ್ಡ ಹಲ್ವಾದ ತುಂಡುಗಳ ಹಾಗೆ. ನಡುವೆ ಮೊಣಕಾಲು ಮುಳುಗುವಷ್ಟು ಬಿರುಕುಗಳು, ಅದರೊಳಗೆ ಗಾಳಿಗೆ ಸಿಗದೆ ಬೆಳೆದ ಜರೀಗಿಡಗಳು. ಅಲ್ಲೊಂದು ಕಪ್ಪು ಬಂಡೆ ಬಿಳಿ ಕಲ್ಲಿನ ಗಿಡ್ಡ ಕಾಲುಗಳ ಮೇಲೆ ನಿಂತಿತ್ತು. ಇದು ಈ ಜಾಗದ ಕಲ್ಲಲ್ಲ, ಸಾವಿರಾರು ವರ್ಷದ ಹಿಂದೆ ಹಿಮನದಿ ತಂದು ಬಿಟ್ಟುಹೋದದ್ದು, ಮಳೆ ಸುತ್ತಲಿನ ಸುಣ್ಣಕಲ್ಲನ್ನು ಕರಗಿಸಿದರೂ ಅದರ ಅಡಿಯದ್ದು ಮಾತ್ರ ಉಳಿದಿದೆ ಎಂದಳು. ಇದನ್ನೆಲ್ಲ ನಿನಗೆ ಹೇಳಿಕೊಟ್ಟದ್ದು ಯಾರು ಎಂದು ಕೇಳಿದೆ. ಲೈಬ್ರರಿ ಪುಸ್ತಕ ಅಂದಳು. ಲೈಬ್ರರಿ ಕಾರ್ಡ್ ತೋರಿಸು ಎನ್ನುವಷ್ಟು ಕೆಟ್ಟಿತ್ತು ನನ್ನ ತಲೆ. ಹೇಗೋ ಬಾಯಿ ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ಜಾಗ ಬಹಳ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು, ಇಷ್ಟು ಚೆಂದದ ಕಡೆ ಯಾರೂ ಒಬ್ಬರೇ ಬರಲಿಕ್ಕಿಲ್ಲ ಎಂದು.

ಐದನೆಯ ದಿನ ಆ ಹೊಳೆ ಹುಟ್ಟುವ ಜಾಗಕ್ಕೆ ಕರೆದೊಯ್ದಳು. ವೀಡಿಯೋದಲ್ಲಿದ್ದ ಅದೇ ಬಂಡೆ, ಅದೇ ನೀರು. ಸಂಜೆ ಐದಾಗಿತ್ತು, ಕುವೈತಿನಲ್ಲಿ ಏಳು. ಅಭ್ಯಾಸಬಲದಿಂದ ಅವಳ ಕೈ ಕೋಟಿನ ಜೇಬಿಗೆ ಹೋಯಿತು, ಹಳೆಯ ಫೋನೊಂದು ಹೊರಬಂತು. ನನ್ನನ್ನು ನೋಡಿ ನಕ್ಕು ಅದನ್ನು ಮತ್ತೆ ಒಳಗಿಡಲು ಹೋದಳು. ಎರಡನೇ ಫೋನು! ನಾನು ಕೈ ಚಾಚಿದೆ. ಅವಳು ಕೊಟ್ಟಳು. ತೆರೆಯ ಮೇಲೆ ಒಂದೇ ಒಂದು ರೆಕಾರ್ಡಿಂಗ್ ಇತ್ತು, ಒತ್ತಿದೆ. ಅದೇ ಗಂಡಸು.

"ಇವನು ಯಾರು?" ಅಂದೆ.

ತಮಾಷೆ ಮಾಡುತ್ತಿದ್ದೇನೆಂದು ಅವಳು ನಗಲು ಶುರು ಮಾಡಿದಳು. ನನ್ನ ಮುಖ ನೋಡಿ ನಗು ನಿಂತಿತು.

"ನಿಮ್ಮ ಸ್ವರ ನಿಮಗೇ ಗೊತ್ತಾಗ್ಲಿಲ್ವಾ?"

ಹೊರಗಿನಿಂದ ನನ್ನ ಸ್ವರ ಹೇಗಿರುತ್ತದೆಂದು ನಾನು ಎಂದೂ ಗಮನಿಸಿರಲಿಲ್ಲ. ಫೋನು ಕಿವಿಗೆ ಹಿಡಿದೆ. ಅವನು ಒಂದು ಪ್ರಾರ್ಥನೆ ಮುಗಿಸಿ ಸುಮ್ಮನಾದ. ಆ ಸುಮ್ಮನಿರುವಿಕೆಯಲ್ಲಿ ಮಂಗಫಿನ ನಮ್ಮ ಬೀದಿಯ ಮಸೀದಿಯ ಬಾಂಗ್ ಕೇಳಿತು, ಕುಕ್ಕರ್ ಒಂದು ಸೀಟಿ ಹೊಡೆಯಿತು. ಮತ್ತೆ ಅವನು, ಅಂದರೆ ನಾನು, ಹೇಳತೊಡಗಿದೆ. ಆ ಬಿಡುವು ಅವಳ ಪಾಲಿನದು. ಕುವೈತ್ ಬಿಡುವ ಮುಂಚೆ ಒಂದು ಸಂಜೆ ನನಗೆ ತಿಳಿಯದ ಹಾಗೆ ರೆಕಾರ್ಡ್ ಮಾಡಿಕೊಂಡಿದ್ದಳಂತೆ, ಗಂಟಲು ನೋವೆಂದು ನೆಪ ಹೇಳಿ ತನ್ನದನ್ನು ಮನಸ್ಸಿನಲ್ಲೇ ಹೇಳಿಕೊಂಡು. ನೆಟ್‌ವರ್ಕ್ ಇಲ್ಲದ ಕಡೆ ಅದನ್ನು ಹಾಕಿ, ತನ್ನ ಅರ್ಧ ತಾನು ಹೇಳುತ್ತಾ ನಡೆಯುತ್ತಿದ್ದಳು.

ನನಗೆ ಆದ ನಾಚಿಕೆ ಹೇಳತೀರದು. ತಪ್ಪಾಯಿತು ಅಂದೆ, ಆ ವೀಡಿಯೋದ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಕಪ್ಪು, ಬೂಟು, ಇಗರ್ಜಿಯವನು, ಎಲ್ಲ. ಹೇಳಿ ಮುಗಿಸಿದರೆ ಅವಳು ಬೈದು ಅತ್ತು ಒಂದಾಗುತ್ತೇವೆ ಎಂದುಕೊಂಡಿದ್ದೆ. ಅವಳು ಫೋನು ವಾಪಸು ತೆಗೆದುಕೊಂಡು ನಡೆದಳು. ಕತ್ತಲಾಗುವ ಮುಂಚೆ ಊರು ಸೇರಿದೆವು.

ಮರುದಿನ ರೈಲಿಗೆ ಬಿಡಲು ಬಂದಳು. ಹೋದ ಕೂಡಲೆ ನನ್ನ ವೀಸಾದ ಹೊಣೆ ಹೊತ್ತ ಕಫೀಲನಿಗೆ ಹೇಳಿ ಇಲ್ಲಿಗೆ ಬರುವ ಕಾಗದ ಶುರು ಮಾಡುತ್ತೇನೆ ಎಂದು ನಾನೇ ಮಾತೆತ್ತಿದೆ. ಅವಳು ಹಳಿಯ ಕಡೆ ನೋಡುತ್ತಾ ನಿಧಾನಕ್ಕೆ ಹೇಳಿದಳು:

"ಎರಡು ವರ್ಷ ಆ ಕಲ್ಲಿನ ಮೇಲೆ ಒಬ್ಬಳೇ ನಡೆದೆ, ಒಂದು ದಿನವೂ ಹೆದರಿಕೆ ಆಗ್ಲಿಲ್ಲ. ಈ ಐದು ದಿನ ನಿಮ್ಮೊಟ್ಟಿಗೆ ನಡೆಯುವಾಗ ಆಯ್ತು. ಯಾಕೆ ಅಂತ ನಿನ್ನೆ ಗೊತ್ತಾಯ್ತು. ಸದ್ಯ ಬರಬೇಡಿ."

ರೈಲು ಬಂತು. ಬ್ಯಾಗು ಅವಳೇ ಎತ್ತಿಕೊಟ್ಟಳು. ಕುವೈತಿಗೆ ಬಂದು ಇಕಾಮಾ ಇನ್ನೊಂದು ವರ್ಷಕ್ಕೆ ಹೊಸದು ಮಾಡಿಸಿದೆ.