ತಿರುವಿನಾಚೆಯ ಸದ್ದು

ಕಳೆದ ಭಾನುವಾರ ತರಕಾರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಯಾರೋ ಹಳೆಯ ಕಾರೊಂದರ ಬಾಗಿಲು ತೆರೆದಿಟ್ಟಿದ್ದರು. ಬಿಸಿಲಿಗೆ ಕಾದ ಚರ್ಮದ ಸೀಟು, ಅದರೊಡನೆ ಬೆರೆತ ಪೆಟ್ರೋಲಿನ ವಾಸನೆ. ಕೊತ್ತಂಬರಿ ಕಟ್ಟು ಹಿಡಿದುಕೊಂಡೇ ನಿಂತುಬಿಟ್ಟೆ. ವಾಷಿಂಗ್ಟನ್ನಿನ ಈ ಹೊರವಲಯದಿಂದ ಡರ್ಹಮ್ಮಿಗೆ ಕಾರಿನಲ್ಲಿ ಅರ್ಧ ದಿನದ ದಾರಿ. ಮನಸ್ಸಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ...

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಮೈಸೂರಿನಿಂದ ಡರ್ಹಮ್ಮಿಗೆ ಬಂದಾಗ ನಮ್ಮ ಪಕ್ಕದ ಮನೆಯಲ್ಲಿದ್ದವರು ಡಾಕ್ಟರ್ ಆಂಟಿ. ಧಾರವಾಡದವರು. ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರಾಗಿದ್ದರು. ಗಂಡ ತೀರಿಕೊಂಡು ಒಂದೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಡ್ರೈವಿಂಗೂ ಬರುತ್ತಿರಲಿಲ್ಲ. ಹಗಲೆಲ್ಲ ಕಿಟಕಿಗೆ ಅಂಟಿಕೊಂಡಿರುತ್ತಿದ್ದ ನನ್ನನ್ನು ನೋಡಿ ಒಂದು ದಿನ ಬಾಗಿಲು ತಟ್ಟಿ, "ಬಾ, ಒಂದ್ ರೌಂಡ್ ಹೋಗಿ ಬರೋಣು" ಎಂದರು.

ಗ್ಯಾರೇಜಿನಲ್ಲಿದ್ದದ್ದು ನೆಲಕ್ಕೆ ಮೈಯೊರಗಿಸಿದಂಥ ಕಡುನೀಲಿ ಇಟಾಲಿಯನ್ ಸ್ಪೋರ್ಟ್ಸ್ ಕಾರು. ಕೂರಬೇಕಾದರೆ ಸೀರೆ ಒಟ್ಟುಮಾಡಿ ಮಡಿಸಿಕೊಂಡು ಒಳಗೆ ಜಾರಬೇಕಿತ್ತು. ಕೀಲಿ ತಿರುಗಿಸಿದೊಡನೆ ಗೋಡೆಯ ಮೇಲಿನ ಡಬ್ಬಿಗಳೆಲ್ಲ ನಡುಗಿದವು.

ಅದು ಅಂಕಲ್ ಕಾರು. ಅದರ ಹನ್ನೆರಡು ಸಿಲಿಂಡರಿನ ಇಟಲಿಯ ಎಂಜಿನ್ ಒಂದು ದಿನ ಜಾಮ್ ಆಗಿ ನಿಂತುಹೋಯಿತಂತೆ. ಬೇಕಾದ ಭಾಗಗಳು ಇಟಲಿಯಿಂದ ಬರಲೆಂದು ಕಾಯುತ್ತ, ಕಾಯುತ್ತಲೇ ಅಂಕಲ್ ಕಾಯಿಲೆ ಬಿದ್ದರು. ಅವರು ಹೋದ ಮೇಲೆ ಆಂಟಿ ಊರಿನ ಮೆಕ್ಯಾನಿಕ್ಕನಿಂದ ಅದಕ್ಕೆ ಅಮೆರಿಕದ ಎಂಟು ಸಿಲಿಂಡರಿನ ಎಂಜಿನ್ ಹಾಕಿಸಿದರು. ಹಳೆಯದು ಗ್ಯಾರೇಜಿನ ಮೂಲೆಯಲ್ಲಿ ಕಂಬಳಿ ಹೊದ್ದುಕೊಂಡಿತ್ತು.

ಕಾರು ಸೊಗಸಾಗಿಯೇ ಓಡುತ್ತಿತ್ತು. ಆದರೆ ಸದ್ದು ಬೇರೆ. ಈ ಎಂಜಿನ್ ಗುಡುಗಿದರೆ, ಹಳೆಯದು ತಾರಸ್ಥಾಯಿಗೆ ಏರುತ್ತಿತ್ತಂತೆ. ಅಂಕಲ್ ಇದ್ದಾಗ, ಸಂಜೆ ರಸ್ತೆಯ ತಿರುವಿನಲ್ಲಿ ಆ ದನಿ ಕೇಳಿದಾಗಲೇ ಆಂಟಿ ಚಹಾಕ್ಕೆ ನೀರಿಡುತ್ತಿದ್ದರಂತೆ. ಅವರು ಒಳಗೆ ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತಂತೆ. ಇದನ್ನು ಹೇಳುವಾಗ ಆಂಟಿ ನನ್ನ ಕಡೆ ನೋಡುತ್ತಿರಲಿಲ್ಲ.

ಒಮ್ಮೆ ಹಳೇ ಕಾರುಗಳವರು ಸೇರಿದ್ದ ಕಡೆ ನನ್ನನ್ನೂ ಕರೆದುಕೊಂಡು ಹೋದರು. ಒಬ್ಬಾತ ಬಾನೆಟ್ಟಿನ ಒಳಗೆ ಇಣುಕಿ, ಇಂಥ ಕಾರಿಗೆ ಈ ಎಂಜಿನ್ ಹಾಕುವುದಕ್ಕಿಂತ ಸುಮ್ಮನೆ ನಿಲ್ಲಿಸಿಡಬಹುದಿತ್ತಲ್ಲ ಎಂದ. ತಮ್ಮ ಮನೆಯಲ್ಲಿ ಈಗಾಗಲೇ ಬೇಕಾದಷ್ಟು ನಿಂತುಹೋಗಿದೆ ಎಂದು ಆಂಟಿ ಅವನಿಗೆ ಶಾಂತವಾಗಿಯೇ ಹೇಳಿದರು. ದೂರದ ನಾರ್‌ಕ್ರಾಸ್ ಎಂಬ ಊರಿನಲ್ಲಿ ನಿವೃತ್ತ ಪೈಲಟ್ ಒಬ್ಬರ ಬಳಿ ಇಂಥದ್ದೇ ಕಾರು ಎಂಜಿನ್ನಿಲ್ಲದೆ ಬಿದ್ದಿದೆಯೆಂದು ತಿಳಿದದ್ದೂ ಅಲ್ಲಿಯೇ. ಮುಂದಿನ ವಾರವೇ ಆಂಟಿ ಮೂಲೆಯಲ್ಲಿದ್ದ ಎಂಜಿನ್ನನ್ನು ಅವರಿಗೆ ಕೊಟ್ಟುಕಳಿಸಿದರು. ಬದಲಿಗೆ ಕೇಳಿದ್ದು ಒಂದೇ: ಅದು ರಿಪೇರಿಯಾಗಿ ಮತ್ತೆ ಶುರುವಾದ ದಿನ ತಮಗೆ ಫೋನ್ ಮಾಡಬೇಕು.

ಫೋನ್ ಬಂದದ್ದು ವರ್ಷವೇ ಕಳೆದ ಮೇಲೆ. ನಾವಿಬ್ಬರೂ ಆ ನೀಲಿ ಕಾರಿನಲ್ಲಿ ಬೆಳಗಾಗುವ ಮುಂಚೆಯೇ ಹೊರಟೆವು. ಷಾರ್ಲೆಟ್ ದಾಟಿ, ಸೌತ್ ಕೆರೊಲಿನಾದ ಪೀಚ್ ತೋಟಗಳನ್ನು ದಾಟಿ... ಆಂಟಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದರು.

ಪೈಲಟ್ ಒಳ್ಳೆಯ ಮನುಷ್ಯರು. ಎಂಜಿನ್ ಶುರುಮಾಡಿ ತಾವು ಪಕ್ಕಕ್ಕೆ ಸರಿದು ನಿಂತರು. ಆಂಟಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, ರಸ್ತೆಯ ಕೊನೆಯವರೆಗೆ ಹೋಗಿ ತಿರುಗಿ ಬರಲು ಸಾಧ್ಯವೇ ಎಂದು ಅವರನ್ನು ಕೇಳಿಕೊಂಡರು.

ಕಾರು ಕಣ್ಮರೆಯಾಯಿತು. ಸ್ವಲ್ಪ ಹೊತ್ತು ಹಕ್ಕಿಗಳ ಸದ್ದಷ್ಟೇ. ಬಳಿಕ ಪೈನ್ ಮರಗಳ ಹಿಂದಿನ ತಿರುವಿನಿಂದ ಆ ದನಿ ಏರುತ್ತ ಬಂತು. ಆಂಟಿ ಸೆರಗು ಸರಿಮಾಡಿಕೊಂಡು, ತಮಗೇ ಅರಿವಿಲ್ಲದಂತೆ ಮುಂದಕ್ಕೆ ನಡೆದರು. ಕಾರು ಬಂದು ನಿಂತಿತು. ಬಾಗಿಲು ತೆರೆಯಿತು. ಬಿಳಿಗೂದಲಿನ ಪೈಲಟ್ ನಗುತ್ತ ಇಳಿದರು.

ಆಂಟಿ ಅಲ್ಲೇ ನಿಂತರು. ನಾನು ಹತ್ತಿರ ಹೋದಾಗ ಮೆಲ್ಲಗೆ, "ಸದ್ದು ಅದೇ ಅದ ನೋಡು. ಬಂದವರಷ್ಟೇ ಬ್ಯಾರೆ" ಎಂದರು. ಆಮೇಲೆ ಪೈಲಟ್ಟರ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು.

ವಾಪಸು ಬರುವಾಗ ಹೈವೇಯಲ್ಲಿ ಕಾರು ಗುಡುಗುತ್ತಿತ್ತು. ಅಂಕಲ್ಲನ್ನು ಅವರು ಯಾವಾಗಲೂ "ನಮ್ಮವರು" ಎಂದೇ ಕರೆಯುತ್ತಿದ್ದರು, ಹಳೆಯ ಕಾಲದ ಹೆಂಗಸರಂತೆ. ಅಂದು, ರಸ್ತೆಯ ಮೇಲೇ ಕಣ್ಣಿಟ್ಟು, ಗಟ್ಟಿಯಾಗಿ ಅವರ ಹೆಸರು ಹೇಳಿದರು. ಮತ್ತೊಮ್ಮೆ ಹೇಳಿದರು. ಯಾರನ್ನೋ ಊಟಕ್ಕೆ ಕರೆಯುವ ಹಾಗೆ.

"ಏನ್ ಆಂಟಿ?" ಎಂದೆ.

"ಏನಿಲ್ಲ. ಹೆಂಗ ಅನಸ್ತದ ನೋಡಿದೆ."

ಅಷ್ಟೇ. ಆಮೇಲೆ ಅದೇ ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದರು. ಮುಂದೆ ನನ್ನ ಗಂಡನ ಕೆಲಸದಿಂದಾಗಿ ನಾವು ಇತ್ತ ವಾಷಿಂಗ್ಟನ್ನಿನ ಕಡೆ ಬಂದುಬಿಟ್ಟೆವು.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಅಂತಿಮ ದರ್ಶನಕ್ಕೆ ಡರ್ಹಮ್ಮಿಗೆ ಹೋಗಿದ್ದೆ. ಆಸ್ಪತ್ರೆಯ ಹಳೆಯ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಅಂಕಲ್ ಹೆಸರು ಬಂದಾಗ ಅದನ್ನು ಮೊಟಕು ಮಾಡಿ, ಅಮೆರಿಕದವರ ಬಾಯಿಗೆ ಒಗ್ಗುವಂತೆ ಹೇಳಿದರು. ಆಂಟಿಯ ದನಿಯಲ್ಲಿ ಆ ಹೆಸರು ಹೇಗಿತ್ತೆಂದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಎದ್ದು ಹೇಳೋಣವೆಂದುಕೊಂಡೆ... ನನ್ನ ದನಿಯಲ್ಲಿ ಅದು ಬರುವುದಿಲ್ಲವೆಂದು ಸುಮ್ಮನೆ ಕೂತೆ.